ತಟ್ಟೆ ಇಡ್ಲಿ ಯಾರದು?

ಅಕ್ಕನನ್ನು ಚನ್ನಪಟ್ಟಣದ ಕಡೆಗೆ ಕೊಟ್ಟಿದ್ದೇವೆ. ಭಾವ ಒಳ್ಳೆಯವರು, ರೇಷ್ಮೆ ಬೆಳೆಯುವವರು, ಮಾತು ಕಡಿಮೆ. ತಟ್ಟೆ ಇಡ್ಲಿಯ ವಿಚಾರ ಬಂದಾಗ ಮಾತ್ರ ಅವರ ನಾಲಿಗೆ ಬಿಚ್ಚಿಕೊಳ್ಳುತ್ತದೆ. ತುಮಕೂರು ಕಡೆಯ ನಮ್ಮೂರು ಕಡಬಕ್ಕೆ ಬಂದರೆ ಜಗಲಿಯ ಮೇಲೆ ಕೂತು, ನೀರು ಕುಡಿದು, ಮಳೆ ಬೆಳೆ ವಿಚಾರಿಸಿ, ಆಮೇಲೆ ಮೆಲ್ಲಗೆ ಶುರು ಹಚ್ಚುತ್ತಾರೆ.

"ಏನೇ ಹೇಳಪ್ಪ, ತಟ್ಟೆ ಇಡ್ಲಿ ಅಂದ್ರೆ ಬಿಡದೀದೇಯ."

"ಭಾವ, ಮೇಲಿರೋ ಬೆಣ್ಣೆ ಪಕ್ಕಕ್ಕಿಟ್ಟು ಒಂದ್ಸಾರಿ ಬರೀ ಇಡ್ಲಿ ತಿಂದು ನೋಡಿ. ಆಮೇಲೆ ಮಾತಾಡಾಣ."

"ಪಕ್ಕಕ್ಕೆ ಯಾಕಪ್ಪ ಇಡ್ಲಿ? ಬೆಣ್ಣೆ ಇರೋದೇ ಇಡ್ಲಿ ಮೇಲೆ ಕರಗಾಕೆ."

ಒಳಗಿನಿಂದ ಅಕ್ಕನ ದನಿ ಬರುತ್ತದೆ: "ಇಬ್ರೂ ಸುಮ್ಕಿರಿ. ನಾನು ಉಪ್ಪಿಟ್ಟು ಮಾಡೀನಿ."

ಹೀಗೆ ಎಷ್ಟೋ ವರ್ಷದಿಂದ ನಡೆದುಬಂದ ವ್ಯಾಜ್ಯ ಇದು. ದೂರದವರಿಗೆ ಇದರಲ್ಲಿ ಹುರುಳಿಲ್ಲ ಅನ್ನಿಸಬಹುದು. ಬಿಡದಿಯದೂ ತಟ್ಟೆಯಷ್ಟು ಅಗಲ, ನಮ್ಮ ತುಮಕೂರಿನ ಕ್ಯಾತ್ಸಂದ್ರದ್ದೂ ತಟ್ಟೆಯಷ್ಟು ಅಗಲ. ಅದೂ ಅಕ್ಕಿ ಉದ್ದು, ಇದೂ ಅಕ್ಕಿ ಉದ್ದು. ಆದರೆ ಹುಟ್ಟಿದಾಗಿನಿಂದ ತಿಂದವನ ನಾಲಿಗೆ ಎರಡನ್ನೂ ಕಣ್ಣುಮುಚ್ಚಿ ಬೇರೆ ಮಾಡುತ್ತದೆ. ಬಿಡದಿಯ ಇಡ್ಲಿ ಮೆದು, ಬೆಣ್ಣೆಯನ್ನು ಒಳಗೆ ಎಳೆದುಕೊಳ್ಳುವ ಮೆದು. ನಮ್ಮ ತುಮಕೂರು ಕಡೆಯದಕ್ಕೆ ಒಂದಿಷ್ಟು ಕಸುವಿದೆ. ಬೆರಳಿನಲ್ಲಿ ಮುರಿದರೆ ಪುಡಿಯಾಗುವುದಿಲ್ಲ, ಚಟ್ನಿಯಲ್ಲಿ ಅದ್ದಿದರೆ ಕಳಚಿ ಬೀಳುವುದಿಲ್ಲ. ಬಾಯಿಗೆ ಹೋದ ಮೇಲೆ ಮಾತ್ರ ಕರಗುತ್ತದೆ.

ಹಿಟ್ಟಿನ ಗುಟ್ಟು ದೊಡ್ಡದೇನಲ್ಲ. ನಮ್ಮ ಮನೆಯಲ್ಲಿ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಹಿಡಿ ಅವಲಕ್ಕಿ. ಅವಲಕ್ಕಿಯ ಬದಲು ಸಬ್ಬಕ್ಕಿ ಹಾಕುವವರೂ ಇದ್ದಾರೆ. ಗುಳಿ ಇಡ್ಲಿಯ ಹಿಟ್ಟಿಗಿಂತ ಕೊಂಚ ಸಡಿಲವಾಗಿರಬೇಕು. ಹುಯ್ದರೆ ತಾನಾಗಿ ತಟ್ಟೆಯ ಅಂಚಿಗೆ ಹರಿಯಬೇಕು. ಅಂಚು ಗಿಡ್ಡವಾದ ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಕೂರಿಸಿ ದೊಡ್ಡ ಪಾತ್ರೆಯಲ್ಲಿ ಇಳಿಬಿಟ್ಟರೆ ಪ್ರತಿ ತಟ್ಟೆಗೂ ಮೇಲೂ ಕೆಳಗೂ ಹಬೆ ತಾಗುತ್ತದೆ. ಗುಳಿ ಇಡ್ಲಿಗೆ ನಡು ದಪ್ಪ, ಅಂಚು ತೆಳು. ತಟ್ಟೆ ಇಡ್ಲಿ ಎಲ್ಲ ಕಡೆಯೂ ಒಂದೇ ದಪ್ಪ, ಆದ್ದರಿಂದ ಎಲ್ಲ ಕಡೆಯೂ ಒಂದೇ ಹದ. ಇದು ನಾನು ಮೆಚ್ಚುವ ಮೊದಲ ಗುಣ.

ಬಿಡದಿಯ ವಿಷಯದಲ್ಲಿ ಭಾವನಿಗೆ ನಾನು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹೆಸರು ಅವರದೇ ದೊಡ್ಡದು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ 'ಬಿಡದಿ ತಟ್ಟೆ ಇಡ್ಲಿ' ಎಂಬ ಬೋರ್ಡು ಕಾಣುತ್ತದೆ. ಅದಕ್ಕೆ ಕಾರಣ ರಸ್ತೆ. ಬೆಂಗಳೂರಿನಿಂದ ಬೆಳಗ್ಗೆ ಆರಕ್ಕೆ ಹೊರಟವರಿಗೆ ಹೊಟ್ಟೆ ಚುರ್ ಅನ್ನುವ ಹೊತ್ತಿಗೆ ಬಿಡದಿ ಬರುತ್ತಿತ್ತು. ಮೈಸೂರಿಗೆ ಹೋಗುವವರು, ಮದುವೆ ದಿಬ್ಬಣದವರು, ಶಾಲೆ ಮಕ್ಕಳ ಪ್ರವಾಸದ ಬಸ್ಸು, ಎಲ್ಲ ಅಲ್ಲಿ ನಿಲ್ಲುತ್ತಿದ್ದವು. ರೇಣುಕಾಂಬಾ ಹೋಟೆಲಿನ ಹೆಸರು ಬಿಡದಿಯನ್ನು ನೋಡದವರಿಗೂ ಗೊತ್ತು. ಇನ್ನೂ ಮುಂದೆ ಹೋದರೆ ಮದ್ದೂರು ವಡೆ. ಅದು ರೈಲಿನ ಕೂಸು. ಸ್ಟೇಷನ್ನಿನಲ್ಲಿ ಹುಟ್ಟಿ, ಕಿಟಕಿಯಿಂದ ಕಿಟಕಿಗೆ ಹೋಗಿ ಹೆಸರಾಯಿತು. ವಡೆ ನಾಲ್ಕು ದಿನ ಇಟ್ಟರೂ ವಡೆಯೇ. ಇಡ್ಲಿ ಹಾಗಲ್ಲ. ತಟ್ಟೆಯಿಂದ ಇಳಿದ ಹತ್ತು ನಿಮಿಷದಲ್ಲಿ ಅದರ ಆಯುಸ್ಸು ಕುಂದುತ್ತದೆ. ಅದನ್ನು ತಿನ್ನಲು ನಾವೇ ಅದಿದ್ದಲ್ಲಿಗೆ ಹೋಗಬೇಕು. ಆದ್ದರಿಂದಲೇ ಇಡ್ಲಿಯ ಊರಿಗೆ ರಸ್ತೆ ಎಂದರೆ ಪ್ರಾಣ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಕಾರುಗಳು ಈಗ ಮೇಲೇ ಹಾರಿಹೋಗುತ್ತವೆ. ಆ ವರ್ಷ ಭಾವ ಬಂದಾಗ ಇಡ್ಲಿಯ ಮಾತೇ ಎತ್ತಲಿಲ್ಲ. ನಾನೇ ಎತ್ತಿದೆ. "ಹಳೇ ರೋಡಲ್ಲಿ ಜನ ಕಮ್ಮಿಯಾಗೋದ್ರು ಕಣಪ್ಪ" ಅಂದರು, ಅಷ್ಟೇ. ನನಗೆ ಗೆದ್ದ ಸಂತೋಷವಾಗಲಿಲ್ಲ. ಎದುರಾಳಿ ಚೆನ್ನಾಗಿದ್ದರೇ ವಾದಕ್ಕೆ ಕಳೆ. ಮೈಸೂರಿಗೆ ಹೋಗುವ ಯಾರೇ ಸಿಕ್ಕಿದರೂ ಒಂದು ಅರ್ಧ ಗಂಟೆ ಉಳಿಸುವುದಕ್ಕಾಗಿ ಬಿಡದಿಯನ್ನು ಬಿಡಬೇಡಿ ಎಂದು ಅಂದಿನಿಂದ ನಾನೇ ಹೇಳುತ್ತಾ ಬಂದಿದ್ದೇನೆ.

ಇನ್ನು ನಮ್ಮದು. ಕ್ಯಾತ್ಸಂದ್ರ ಎಂದರೆ ಸಿದ್ಧಗಂಗೆಗೆ ಹೋಗುವವರು ಬಸ್ಸಿಳಿಯುವ ಜಾಗ. ಮಠಕ್ಕೆ ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿ, ಜಾತ್ರೆಗೆ ದನ ಹೊಡೆದುಕೊಂಡು ಬಂದ ರೈತರು, ಪುಣೆ ದಾರಿಯ ಲಾರಿ ಡ್ರೈವರುಗಳು, ಇವರಿಗೆಲ್ಲ ಹೊಟ್ಟೆ ತುಂಬುವ, ಕೈಗೆಟುಕುವ ತಿಂಡಿ ಬೇಕಿತ್ತು. ಎರಡು ತಟ್ಟೆ ಇಡ್ಲಿ ತಿಂದವನು ಮಧ್ಯಾಹ್ನದ ಮುದ್ದೆಯವರೆಗೆ ನಿಶ್ಚಿಂತ. ಕ್ಯಾತ್ಸಂದ್ರದ ಪವಿತ್ರ ಹೋಟೆಲಿನ ಹೆಸರು ಇಂದು ಬೆಂಗಳೂರಿನವರ ಬಾಯಲ್ಲೂ ಇದೆ. ವಾರದ ಕೊನೆಯಲ್ಲಿ ಕಾರು ಕಟ್ಟಿಕೊಂಡು ಬರುತ್ತಾರೆ, ಬರಲಿ. ಆದರೆ ನನ್ನ ಪ್ರಕಾರ ತುಮಕೂರಿನ ಇಡ್ಲಿಯನ್ನು ಗೆಲ್ಲಿಸುವುದು ಚಟ್ನಿ. ನಮ್ಮದು ಕಲ್ಪತರು ನಾಡು. ತಿಪಟೂರಿನ ಕೊಬ್ಬರಿ ಮಂಡಿ ದೇಶಕ್ಕೆಲ್ಲ ಗೊತ್ತು, ಗುಬ್ಬಿ ತಾಲ್ಲೂಕಿನಲ್ಲಿ ತೋಟವಿಲ್ಲದ ಊರಿಲ್ಲ. ಬೆಳಗ್ಗೆ ಸುಲಿದ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಒಂದಿಷ್ಟು ಹುಣಸೆಹಣ್ಣು, ಇಷ್ಟೇ. ಹೊರಗಿನಿಂದ ಕಾಯಿ ತರಿಸುವ ಊರಿನಲ್ಲಿ ಹುರಿಗಡಲೆಯ ಕೈ ಮೇಲಾಗುತ್ತದೆ, ಚಟ್ನಿ ಅಂಟಂಟಾಗುತ್ತದೆ. ನಮ್ಮಲ್ಲಿ ಕಾಯಿಯ ಹಾಲಿನ ಸಿಹಿ ಮೊದಲು ಬರುತ್ತದೆ, ಖಾರ ಆಮೇಲೆ. ಅಂಥ ಚಟ್ನಿ ಇರುವಾಗ ಬೆಣ್ಣೆ ಯಾಕೆ ಬೇಕು ಎಂಬುದೇ ಭಾವನಿಗೆ ನಾನು ಕೇಳುವ ಪ್ರಶ್ನೆ.

ಚಿಕ್ಕಂದಿನಲ್ಲಿ ಕಡಬದ ಮನೆಗಳಲ್ಲಿ ಇಡ್ಲಿ ದಿನದ ತಿಂಡಿಯಾಗಿರಲಿಲ್ಲ. ಬೆಳಗ್ಗೆ ರಾಗಿ ರೊಟ್ಟಿಯೋ, ರಾತ್ರಿ ಉಳಿದ ಮುದ್ದೆಗೆ ಮಜ್ಜಿಗೆಯೋ. ಇಡ್ಲಿ ಎಂದರೆ ಹಬ್ಬ, ಇಲ್ಲವೇ ಭಾವನಂಥ ನೆಂಟರು. ಹಿಂದಿನ ಸಂಜೆ ಅವ್ವ ಒರಳುಕಲ್ಲಿನ ಮುಂದೆ ಕೂತರೆ ಗುಂಡು ತಿರುಗುವ ಸದ್ದು ದೀಪ ಹಚ್ಚುವ ಹೊತ್ತಿನವರೆಗೂ ಕೇಳುತ್ತಿತ್ತು. ಉದ್ದು ಲೋಳೆಯಾಗಿ, ನೊರೆಯಾಗಿ, ಕೈಗೆ ಹಗುರವಾಗಿ ಏಳಬೇಕು. ಆ ಲೋಳೆಯೇ ರಾತ್ರಿಯೆಲ್ಲ ಹುಟ್ಟುವ ಗಾಳಿಯನ್ನು ಹಿಡಿದಿಡುತ್ತದೆ. ಗಾಳಿ ಹುಟ್ಟಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅದಕ್ಕೆ ಲ್ಯೂಕೊನೊಸ್ಟಾಕ್ ಎಂದು ಹೆಸರು ಎಂಬುದನ್ನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಅವ್ವನಿಗೆ ಹೆಸರು ಗೊತ್ತಿರಲಿಲ್ಲ, ಅದರ ಸ್ವಭಾವ ಗೊತ್ತಿತ್ತು. ಮಾಗಿಯ ಚಳಿಯಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಯ ಬದಿಗೆ ಸರಿಸಿ ಮೇಲೊಂದು ಗೋಣಿ ಹೊದಿಸುತ್ತಿದ್ದಳು.

ಊರಿನ ಮಾತು ಬಂತು, ಕೆರೆಯ ಮಾತನ್ನೂ ಆಡಿಬಿಡುತ್ತೇನೆ. ಶಿಂಷೆಗೆ ಅಡ್ಡಲಾಗಿ ಕಟ್ಟಿದ ಕೆರೆ ನಮ್ಮದು. ಲಂಕೆಯಿಂದ ಹಿಂತಿರುಗುವಾಗ ರಾಮನೇ ಕಟ್ಟಿಸಿದ ಎಂದು ಹಿರಿಯರು ಹೇಳುತ್ತಾರೆ. ರಾಷ್ಟ್ರಕೂಟರ ಮೂರನೆಯ ಗೋವಿಂದನ ತಾಮ್ರಶಾಸನಕ್ಕೆ ಕಡಬದ ಹೆಸರೇ ಇದೆ, ಅಂದರೆ ಹನ್ನೆರಡು ಶತಮಾನದ ಮಾತು. ಕೆರೆ ತುಂಬಿದ ವರ್ಷ ಕೆಳಗಿನ ಗದ್ದೆಯಲ್ಲಿ ಭತ್ತ. ಇಡ್ಲಿಗೆ ಅಕ್ಕಿ ಬರುತ್ತಿದ್ದದ್ದು ಅಲ್ಲಿಂದಲೇ. ಇದೇ ಶಿಂಷೆ ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಸೇರಿ, ಅಲ್ಲಿಂದ ಮದ್ದೂರಿನ ಕಡೆಗೆ ಹರಿಯುತ್ತದೆ. ನಮ್ಮ ಇಡ್ಲಿಗೂ ಅವರ ವಡೆಗೂ ಒಂದೇ ಹೊಳೆಯ ನೀರು ಎಂದು ಹೇಳಿದ ದಿನ ಭಾವ ಸ್ವಲ್ಪ ಮೆತ್ತಗಾದರು.

ಹಳಬತನದ ವಾದ ತೆಗೆದರೆ ಬಿಡದಿಯೂ ಇಲ್ಲ, ಕ್ಯಾತ್ಸಂದ್ರವೂ ಇಲ್ಲ. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ಮಾತಿದೆ. ಸುಮಾರು 1025ರ ಚಾವುಂಡರಾಯನ 'ಲೋಕೋಪಕಾರ' ಮಾಡುವ ಬಗೆಯನ್ನೇ ಹೇಳುತ್ತದೆ: ಮಜ್ಜಿಗೆಯಲ್ಲಿ ನೆನೆಸಿದ ಉದ್ದನ್ನು ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕಬೇಕು. ನೂರು ವರ್ಷದ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ 'ಇಡ್ಡರಿಕಾ' ಎಂದು ಬರೆದ. ಈ ಯಾವುದರಲ್ಲೂ ಅಕ್ಕಿ ಇಲ್ಲ, ರಾತ್ರಿಯಿಡೀ ಹುಳಿ ಬರಿಸುವ ಮಾತೂ ಇಲ್ಲ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಆಚಯ್ಯ ಅವರು ಹುಳಿ ಬರಿಸಿ ಹಬೆಯಲ್ಲಿ ಬೇಯಿಸುವುದು ಇಂಡೋನೇಷ್ಯಾದಿಂದ ಬಂದಿರಬಹುದು ಎಂದು ಊಹಿಸಿದರು. ಅದು ಊಹೆ. ಇಡ್ಲಿಯ ಹೆಸರು ಮಾತ್ರ ಕನ್ನಡದ ಓಲೆಯಲ್ಲಿ ಸಾವಿರ ವರ್ಷದಿಂದ ಕೂತಿದೆ.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಗುಳಿ ಇಡ್ಲಿಯನ್ನೂ ಪ್ರೀತಿಸಲು ಕಲಿತೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಅಲ್ಲಿ ಸಾಂಬಾರು ಕೊಡುವುದಿಲ್ಲ, ಚಟ್ನಿ ಮಾತ್ರ, ಎಷ್ಟು ಬೇಕಾದರೂ ಹಾಕುತ್ತಾರೆ. ನಿಂತೇ ತಿನ್ನಬೇಕು. ಆ ಹಟ ನನಗೆ ಹಿಡಿಸಿತು. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ ಕೂಡ ಅದೇ ಜಾತಿಯದು. ರವೆ ಇಡ್ಲಿ ಬೇರೆ ಕಥೆ: ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಅಕ್ಕಿ ನಿಂತುಹೋದಾಗ ಎಂಟಿಆರ್‌ನವರು ರವೆಯಲ್ಲಿ ಮಾಡಿ ನೋಡಿದ್ದು. ಕೊರತೆಯಲ್ಲಿ ಹುಟ್ಟಿದ ತಿಂಡಿ ಎಂಬ ಗೌರವ ಅದಕ್ಕೆ ಸಲ್ಲಬೇಕು, ಆದರೆ ಅದನ್ನು ಇಡ್ಲಿಯ ಪಂಕ್ತಿಯಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಂಗಳೂರಿನ ಮೂಡೆ, ಹಲಸಿನೆಲೆಯ ಕೊಟ್ಟೆ ಕಡುಬನ್ನು ಒಪ್ಪುತ್ತೇನೆ. ಎಲೆಯ ಘಮ ಹಿಟ್ಟಿಗೆ ಇಳಿಯುವುದು ಅದರಲ್ಲೇ.

ಅಮೆರಿಕದಲ್ಲಿರುವ ತಂಗಿಯ ಮಗ ಹೋದ ಸಲ ಬಂದಾಗ ನಮ್ಮ ವಾದ ಕೇಳಿ, ಅಲ್ಲಿಯೂ ಹೀಗೇ ಪಿಜ್ಜಾಕ್ಕೆ ಜಗಳ ನಡೆಯುತ್ತದೆ ಅಂದ. ನ್ಯೂಯಾರ್ಕಿನವರದು ಮಡಚಿ ತಿನ್ನುವ ತೆಳು, ಶಿಕಾಗೋದವರದು ಬೋಗುಣಿಯಷ್ಟು ಆಳ. ಒಬ್ಬರದು ಇನ್ನೊಬ್ಬರಿಗೆ ಪಿಜ್ಜಾವೇ ಅಲ್ಲವಂತೆ. ಇಟಲಿಯ ನೇಪಲ್ಸಿನವರು ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಟ್ಟು ತಟ್ಟಿ ಕಟ್ಟಿಗೆ ಒಲೆಯಲ್ಲಿ ಬೇಯಿಸುವ ಅವರ ಕೈಕಸುಬನ್ನು 2017ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಇದನ್ನು ಕೇಳಿ ಭಾವನೂ ನಾನೂ ಒಂದೇ ಪಕ್ಷವಾದೆವು. ಕತ್ತಲಲ್ಲೇ ಎದ್ದು, ಉರಿಯ ಮುಂದೆ ನಿಂತು, ನೂರಾರು ತಟ್ಟೆ ಇಳಿಸಿ ಹತ್ತಿಸುವ ನಮ್ಮ ಹೋಟೆಲಿನ ಭಟ್ಟರ ಕೈಕಸುಬು ಅದಕ್ಕಿಂತ ಯಾವುದರಲ್ಲಿ ಕಡಿಮೆ?

ಆ ಕಸುಬಿನ ಒಂದು ಮುಖ್ಯ ಭಾಗ ಬಟ್ಟೆ. ತಟ್ಟೆಗೆ ಬರಿ ಎಣ್ಣೆ ಸವರುವವರೂ ಉಂಟು. ಆದರೆ ಒದ್ದೆ ಬಿಳಿ ಬಟ್ಟೆ ಹಾಸಿ ಹಿಟ್ಟು ಹುಯ್ದರೆ ಹಬೆ ಸಲೀಸಾಗಿ ಆಡುತ್ತದೆ, ಬೆಂದ ಇಡ್ಲಿಯ ಬೆನ್ನಿನ ಮೇಲೆ ನೇಯ್ಗೆಯ ಗೆರೆ ಸಣ್ಣಗೆ ಮೂಡಿರುತ್ತದೆ. ತಟ್ಟೆ ನನ್ನ ಮುಂದೆ ಬಂದ ಕೂಡಲೇ ಇಡ್ಲಿಯನ್ನು ತಿರುಗಿಸಿ ಆ ಗೆರೆ ಹುಡುಕುವುದು ನನ್ನ ಅಭ್ಯಾಸ. ಕೆಲವು ವರ್ಷದ ಹಿಂದೆ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ತಿರುಗಿಸಿದರೆ ಬೆನ್ನು ಗಾಜಿನ ಹಾಗೆ ನುಣ್ಣಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಬಟ್ಟೆಯ ಜಾಗದಲ್ಲಿ ತೆಳು ಪ್ಲಾಸ್ಟಿಕ್ ಹಾಳೆ. ಹಬೆಯ ಕಾವಿಗೆ ಅದು ಮುದುರಿಕೊಂಡಿತ್ತು. ದುಡ್ಡು ಕೊಟ್ಟು, ತಿನ್ನದೆ ಎದ್ದುಬಂದೆ. ಬಸ್ಸು ಹತ್ತಿದ ಮೇಲೂ ಹೊಟ್ಟೆಗಿಂತ ಮನಸ್ಸಿಗೆ ಹೆಚ್ಚು ಸಂಕಟವಾಗಿತ್ತು.

ನಾನು ಕಂಡದ್ದು ಒಂದೇ ಕಡೆಯ ಮಾತಾಗಿರಲಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು 251 ಕಡೆ ಇಡ್ಲಿ ಪರೀಕ್ಷಿಸಿದಾಗ 52 ಕಡೆ ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಬಿಸಿಗೆ ಪ್ಲಾಸ್ಟಿಕ್ಕಿನಿಂದ ಕ್ಯಾನ್ಸರ್ ತರಬಲ್ಲ ಅಂಶಗಳು ಹಿಟ್ಟಿಗಿಳಿಯುತ್ತವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು, ಇಡ್ಲಿಗೆ ಪ್ಲಾಸ್ಟಿಕ್ ಬಳಸುವುದನ್ನು ಸರ್ಕಾರ ನಿಷೇಧಿಸಿತು. ನಿಷೇಧವಾಯಿತು ಎಂದು ನಾವು ಸುಮ್ಮನಾಗಬಾರದು. ಬಟ್ಟೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಬೇಕು, ಅದಕ್ಕೊಬ್ಬ ಆಳು ಬೇಕು, ಆಳಿಗೆ ಕೂಲಿ ಬೇಕು. ಇಡ್ಲಿಯ ಬೆಲೆ ಎರಡು ರೂಪಾಯಿ ಹೆಚ್ಚಾದರೆ ಗೊಣಗುವ ನಾವು ಆ ಬಟ್ಟೆಯ ಖರ್ಚನ್ನು ನೆನೆಯಬೇಕು.

ವ್ಯಾಜ್ಯಕ್ಕೆ ನನ್ನ ತೀರ್ಪು ಕೇಳಿದರೆ ಇಷ್ಟು: ಬೆಣ್ಣೆಗೆ ಬಿಡದಿ, ಚಟ್ನಿಗೆ ತುಮಕೂರು, ಬರೀ ಇಡ್ಲಿಗೆ ತುಮಕೂರು. ಭಾವ ಇದನ್ನು ಇವತ್ತಿಗೂ ಒಪ್ಪಿಲ್ಲ. ಬಿಡದಿಗೆ ಹೋಗಿ, ಕ್ಯಾತ್ಸಂದ್ರಕ್ಕೂ ಬನ್ನಿ, ನೀವೇ ತಿಂದು ಹೇಳಿ. ಎಂಟು ಗಂಟೆಯೊಳಗೆ ಬನ್ನಿ, ಪಾರ್ಸಲ್ ಕೇಳಬೇಡಿ. ಮೊದಲ ತುತ್ತು ಮುರಿಯುವ ಮುಂಚೆ ಇಡ್ಲಿಯನ್ನು ತಿರುಗಿಸಿ ನೋಡಿ. ಗೆರೆ ಕಾಣದಿದ್ದರೆ ಹೋಟೆಲಿನವರನ್ನು ಕೇಳಿ, "ಬಟ್ಟೆ ಹಾಕೀರಾ ಅಣ್ಣ?" ಅಂತ.