ಆ್ಯಶ್ ಕೋಲೋ, ಮೇಪಲ್ ಕೋಲೋ?



ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಗುಂಪಿನ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಅಣ್ಣಾ, ಎರಡೂ ಕಟ್ಟಿಗೇನ. ಒಂದು ಆ್ಯಶ್ ಅಂತ, ಒಂದು ಮೇಪಲ್ ಅಂತ. ಯಾವುದು ತಗೋಲಿ?" ದಾಳಿಂಬೆ ತೋಟದಲ್ಲಿ ರಜೆಯೆಲ್ಲ ದುಡಿದು ಕೂಡಿಸಿದ ಹಣ ಅದು. ಪಕ್ಕದಲ್ಲೇ ನಿಂತಿದ್ದ ಅವರ ತಾಯಿಗೆ ಬೇರೆಯೇ ಪ್ರಶ್ನೆ: "ಒಂದು ಕೋಲಿಗೆ ಇಷ್ಟು ರೊಕ್ಕ ಯಾಕ? ಬದುವಿನ ಮ್ಯಾಲ ಜಾಲಿ ಇಲ್ಲೇನು?"

ತಾಯಿಯ ಪ್ರಶ್ನೆಯೇ ಚಲೋ ಇತ್ತು, ಅದನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಬೆಳುಂಕಿ ಕಡೆ, ಇಡೀ ಜತ್ತ ತಾಲೂಕಿನಲ್ಲಿ, ನೇಗಿಲು, ಕುಂಟಿ, ಬಂಡಿ ಎಲ್ಲಕ್ಕೂ ಜಾಲಿಯೇ ಗಟ್ಟಿ. ಆದರೆ ಕ್ಯೂ ಕೋಲಿಗೆ ಬೇಕಾದದ್ದು ಬರೀ ಗಟ್ಟಿತನವಲ್ಲ. ಸುಮಾರು ಐದು ಅಡಿ ಉದ್ದಕ್ಕೂ ಗಂಟಿಲ್ಲದೆ, ಎಳೆ ಓರೆಯಾಗದೆ ನೇರವಾಗಿ ಹೋಗಬೇಕು. ಜಾಲಿಯಲ್ಲಿ ಅಂಥ ತುಂಡು ಸಿಗುವುದು ಅಪರೂಪ, ಮೇಲಾಗಿ ಅದು ಭಾರ. ಕೋಲಿನ ತುದಿ ಭಾರವಾದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಆ್ಯಶ್ ಅಂದರೆ ಫ್ರಾಕ್ಸಿನಸ್ ಜಾತಿಯ ಮರ. ಇಂಗ್ಲೆಂಡಿನ ರೈತರು ಕೊಡಲಿ ಕಾವು, ಸಲಿಕೆ ಹಿಡಿಕೆ, ಬಂಡಿಯ ಭಾಗಗಳನ್ನು ಇದರಿಂದಲೇ ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ದಿಂಡಿಗದ ಮರ ಮಾಡುವ ಕೆಲಸವನ್ನು ಅಲ್ಲಿ ಆ್ಯಶ್ ಮಾಡಿತು ಎನ್ನಬಹುದು. ಪೆಟ್ಟು ತಾಳುತ್ತದೆ, ಬಾಗಿ ಮತ್ತೆ ನೇರವಾಗುತ್ತದೆ. ವಸಂತದಲ್ಲಿ ಬೆಳೆದ ಭಾಗದಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ಕೂತಿರುವುದರಿಂದ ವರ್ಷದ ಉಂಗುರಗಳು ಎದ್ದು ಕಾಣುತ್ತವೆ. ಹಲಗೆಯನ್ನು ದುಂಡಗೆ, ತುದಿಗೆ ಸಣ್ಣಗೆ ಹೆರೆದಾಗ ಆ ಗೆರೆಗಳು ಬಾಣದ ಮೊನೆಗಳಂತೆ ಮೂಡುತ್ತವೆ. ಸ್ನೂಕರ್ ಆಟಗಾರರಲ್ಲಿ ಬಹಳ ಜನ ಪ್ರತಿ ಸಲ ಈ ಬಾಣಗಳನ್ನು ಮೇಲ್ಮುಖ ಮಾಡಿ ಹಿಡಿಯುತ್ತಾರೆ. ಕೋಲು ಪ್ರತಿ ಹೊಡೆತಕ್ಕೂ ಒಂದೇ ತರಹ ಕೈಯಲ್ಲಿ ಕೂರುತ್ತದೆ.

ಮೇಪಲ್‌ನಲ್ಲಿ ಕೋಲಿಗೆ ಬಳಸುವುದು ಉತ್ತರ ಅಮೆರಿಕದ ಗಟ್ಟಿ ಮೇಪಲ್, ಏಸರ್ ಸ್ಯಾಕರಮ್. ಇದರ ರಸ ಕಾಯಿಸಿಯೇ ಅಲ್ಲಿನವರು ಸಿಹಿ ಪಾಕ ಮಾಡುತ್ತಾರೆ, ನಮ್ಮ ಆಲೆಮನೆಯ ಕಾಕಂಬಿಯ ದೂರದ ನೆಂಟ ಅನ್ನಿ. ಇದರ ರಂಧ್ರಗಳು ಸಣ್ಣವು, ಎಲ್ಲ ಕಡೆ ಹರಡಿಕೊಂಡಿವೆ. ಹೀಗಾಗಿ ಮೈ ನುಣುಪು, ಎಳೆ ಕಾಣುವುದೇ ಇಲ್ಲ ಎನ್ನಬೇಕು. ಬೆರಳ ಮಧ್ಯೆ ಸರಾಗವಾಗಿ ಜಾರುತ್ತದೆ. ಪೂಲ್ ಕೋಲುಗಳು ಹೆಚ್ಚಾಗಿ ಮೇಪಲ್, ಸ್ನೂಕರ್ ಕೋಲುಗಳು ಹೆಚ್ಚಾಗಿ ಆ್ಯಶ್. ಆದರೆ ಇದು ನಿಯಮವಲ್ಲ, ಮೇಪಲ್ ಹಿಡಿದು ಸ್ನೂಕರ್ ಆಡುವವರೂ ಬೇಕಾದಷ್ಟು ಇದ್ದಾರೆ. ಗಟ್ಟಿತನದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ.

ಈಗ ತುದಿಯ ಮಾತು. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಪೂಲ್ ಚೆಂಡು ಸುಮಾರು 57. ಅದಕ್ಕೆ ತಕ್ಕಂತೆ ಸ್ನೂಕರ್ ಕೋಲಿನ ತುದಿ 9–10 ಮಿಲಿಮೀಟರ್, ಪೂಲಿನದು 12–13. ಚೆಂಡಿನ ನಟ್ಟನಡುವೆ ಹೊಡೆಯದೆ ಪಕ್ಕಕ್ಕೆ ಹೊಡೆದು ತಿರುಗುಬಲ ಕೊಟ್ಟಾಗ, ಚೆಂಡು ನಾವು ಗುರಿಯಿಟ್ಟ ಗೆರೆ ಬಿಟ್ಟು ಆಚೆ ಬದಿಗೆ ಸ್ವಲ್ಪ ಸರಿಯುತ್ತದೆ. ಬಹಳ ಹುಡುಗರು ಇದಕ್ಕೆ ಕೈಯನ್ನು ಬೈದುಕೊಳ್ಳುತ್ತಾರೆ. ನಾನು ಬಿಎಸ್ಸಿಯಲ್ಲಿ ಓದಿದ ಸಂವೇಗದ ಪಾಠವೇ ಇಲ್ಲಿಯೂ ಇರುವುದು: ಕೋಲಿನ ಮುಂಭಾಗದ ಕೆಲವೇ ಇಂಚುಗಳ ತೂಕ ಹೆಚ್ಚಿದಷ್ಟೂ ಚೆಂಡು ಹೆಚ್ಚು ಸರಿಯುತ್ತದೆ. ಹೀಗಾಗಿಯೇ ಈಗ ಕೆಲವರು ಮೇಪಲ್ ಕೋಲಿನ ಮೂತಿಯನ್ನು ಒಳಗಿಂದ ಟೊಳ್ಳು ಮಾಡುತ್ತಾರೆ, ಕೆಲವರು ಮರವನ್ನೇ ಬಿಟ್ಟು ಕಾರ್ಬನ್ ಫೈಬರ್‌ಗೆ ಹೋಗಿದ್ದಾರೆ. ಮರದ ಹೆಸರಿಗಿಂತ ಮೂತಿಯ ದಪ್ಪ, ತೂಕವೇ ಇಲ್ಲಿ ಮುಖ್ಯ.

ಅಗ್ಗದ ಕೋಲುಗಳ ಬಗ್ಗೆ ಎಚ್ಚರ ಬೇಕು. ಅವುಗಳಲ್ಲಿ ಹಲವು ರಾಮಿನ್ ಎಂಬ ಆಗ್ನೇಯ ಏಷ್ಯಾದ ಜೌಗು ಕಾಡಿನ ಮರದವು. ಮಸುಕು ಹಳದಿ, ಎಳೆ ಕಾಣದು, ಹೊಸಬರ ಕಣ್ಣಿಗೆ ಮೇಪಲ್‌ನಂತೆಯೇ. ಆ ಕಾಡುಗಳನ್ನು ಕಡಿದು ಕಡಿದು, ಈಗ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು. ಹಿಡಿಕೆಗೆ ಬಳಸುವ ನಮ್ಮ ಬೀಟೆ ಮರಕ್ಕೂ 2017ರಿಂದ ಅಂಥದೇ ನಿಯಮ. ಆ್ಯಶ್ ಮರಗಳಿಗೂ ಕಷ್ಟ ಬಂದಿದೆ: ಅಮೆರಿಕದಲ್ಲಿ 2002ರಲ್ಲಿ ಪತ್ತೆಯಾದ ಹಸಿರು ಕೊರಕ ಹುಳು, ಬ್ರಿಟನ್ನಿನಲ್ಲಿ 2012ರಲ್ಲಿ ಕಂಡ ಶಿಲೀಂಧ್ರ ರೋಗ, ಎರಡೂ ಲೆಕ್ಕವಿಲ್ಲದಷ್ಟು ಮರಗಳನ್ನು ಒಣಗಿಸಿವೆ.

ಪೂಲ್ ಎಂದರೆ ಮಕ್ಕಳು ಕೆಡುವ ಅಡ್ಡೆ ಎಂದು ಮನೆಯಲ್ಲಿ ಹಿರಿಯರು ಅಂದುಕೊಂಡಿದ್ದರೆ ಒಂದು ಮಾತು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಸೈನಿಕರ ನಡುವೆ. ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಅಡ್ಡೆಯ ಸಹವಾಸ ಬೇರೆ, ಆಟ ಬೇರೆ.

ಹುಡುಗನಿಗೆ ನಾನು ಹೇಳಿದ್ದು: ನೀನು ಆಡುವುದು ಪೂಲ್, ಹಾಗಾಗಿ ಮೇಪಲ್ ಸಾಕು, ಆದರೆ ಫೋಟೋ ನೋಡಿ ತರಿಸಬೇಡ. ಅಂಗಡಿಗೆ ಹೋಗಿ, ಬಡಿಗ ನೊಗದ ಕಟ್ಟಿಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಹಿಂದಿನಿಂದ ತುದಿಯವರೆಗೆ ನೋಡು. ಆಮೇಲೆ ಮೇಜಿನ ಮೇಲೆ ಉರುಳಿಸು. ಎಳೆ ಪಕ್ಕಕ್ಕೆ ಓಡಿಹೋಗಿದ್ದರೆ ಬಿಟ್ಟು ಬಾ, ಎಷ್ಟೇ ಚಂದ ಬಣ್ಣವಿದ್ದರೂ.

ತಂದ ಮೇಲೆ ನಮ್ಮ ಹವೆ ಇದೆ. ಬೇಸಿಗೆಯಲ್ಲಿ ಒಣ ಗಾಳಿ, ಮಳೆಗಾಲದಲ್ಲಿ ತೇವ. ಮರ ಉದ್ದಕ್ಕಿಂತ ಅಡ್ಡಕ್ಕೇ ಹಿಗ್ಗುತ್ತದೆ, ಕುಗ್ಗುತ್ತದೆ, ಒಂದು ಬದಿ ಮಾತ್ರ ಹಾಗಾದರೆ ಬಾಗುತ್ತದೆ. ಪತ್ರಾಸಿನ ಗೋಡೆಗೆ ಒರಗಿಸಿ ಇಡಬಾರದು. ಆ್ಯಶ್ ಕೋಲಾದರೆ ಅಗಸೆ ಎಣ್ಣೆ ಹಳೆಯ ಪದ್ಧತಿ, ಅಗಸೆ ನಮಗೆ ಹೊಸದೇನಲ್ಲ. ತೆಳ್ಳಗೆ ಸವರಿ, ಒರೆಸಿ, ಒಂದು ದಿನ ಒಣಗಲು ಬಿಟ್ಟರೆ ಆಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಾಳಿಯೊಂದಿಗೆ ಸೇರಿ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ.