ಒಂದು ಬೈಕು, ಮೂರು ಮನೆ

ಕೊಟ್ಟೂರು ತೇರು ಮುಗಿದ ಮರುವಾರ. ಕೂಡ್ಲಿಗಿ ರಸ್ತೆಯಲ್ಲಿ ಒಂದೇ ಬೈಕಿನಲ್ಲಿ ಹೊರಟಿದ್ದ ಮೂವರು ಹುಡುಗರು, ಕಾಯಿಪಲ್ಯೆ ಮಾರಿ ಮನೆಗೆ ಹೋಗುತ್ತಿದ್ದ ಮುದುಕರೊಬ್ಬರಿಗೆ ಗುದ್ದಿ ಬಿದ್ದರು. ಎದ್ದು, ತಿರುಗಿಯೂ ನೋಡದೆ ಓಡಿಬಂದರು. ಅವರಲ್ಲಿ ಒಬ್ಬ ನನ್ನ ಮಗ, ಹತ್ತನೇ ಕ್ಲಾಸು. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಮೂರು ದಿನ ಉದ್ದನೆಯ ಪೈಜಾಮ ತೊಟ್ಟು ನನ್ನೆದುರೇ ಕೂತು ಊಟ ಮಾಡಿದ, ನನಗೆ ತಿಳಿಯಲಿಲ್ಲ. ಕಥೆ ಬರೆಯುವವನು, ಜನರ ಒಳಗನ್ನು ಬಲ್ಲೆನೆಂದು ಬೀಗುವವನು! ಅವನ ಅಮ್ಮಿಗೆ ಮೊದಲ ರಾತ್ರಿಯೇ ಗೊತ್ತಿತ್ತಂತೆ. "ನಿಮಗೆ ಹೇಳಿದ್ದರೆ ಅವನ ಚರ್ಮ ಸುಲಿಯುತ್ತಿದ್ದಿರಿ" ಎಂದಳು.

ಸುಳ್ಳಲ್ಲ. ನನ್ನ ಅಬ್ಬ ಬೆಲ್ಟು ಬಿಚ್ಚುತ್ತಿದ್ದರು. ಪೆಟ್ಟು ತಿಂದೇ ಮನುಷ್ಯನಾದೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈಗ ನೆನೆದರೆ, ಪೆಟ್ಟು ನನಗೆ ಕಲಿಸಿದ್ದು ಸಿಕ್ಕಿಬೀಳದಂತೆ ಸಿನಿಮಾಕ್ಕೆ ಹೋಗುವುದನ್ನು. ಮಕ್ಕಳು ಗುದ್ದಿದ್ದು ಆಕಸ್ಮಿಕ ಇರಬಹುದು. ನನ್ನ ಮಗ ಓಡಿಬಂದದ್ದು ಮಾತ್ರ ನನ್ನ ಹೆದರಿಕೆಗೆ.

ಬೈಕಿನ ಹುಡುಗನ ಅಪ್ಪನದು ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿ. "ಮಗ ಅತ್ತರೆ ನೋಡೋಕಾಗಲ್ಲ ಸಾಬ್ರೇ, ಕೊಡಿಸಿಬಿಟ್ಟೆ" ಎಂದರು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂಬ 2019ರ ತಿದ್ದುಪಡಿ ಅವರಿಗೆ ಗೊತ್ತಾದದ್ದು ಠಾಣೆಯಲ್ಲಿ. ನನಗೂ ಅಲ್ಲೇ.

ಮೂರನೆಯವನ ತಂದೆತಾಯಿ ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋಗಿದ್ದರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ತಾಂಡಾಗಳಿಗೆ ಇದು ಹೊಸದಲ್ಲ. ಹುಡುಗ ಅಜ್ಜಿಯ ಹತ್ತಿರ. ಡಯಾನಾ ಬಾಮ್‌ರಿಂಡ್ ಎಂಬ ಅಮೆರಿಕದ ಮನೋವಿಜ್ಞಾನಿ 1960ರ ದಶಕದಲ್ಲಿ ಪಾಲಕರನ್ನು ಮೂರು ಬಗೆ ಮಾಡಿದ್ದರು: ದರ್ಪದವರು, ಸಲಿಗೆಯವರು, ಕಟ್ಟುನಿಟ್ಟಾಗಿದ್ದೂ ಮಕ್ಕಳ ಮಾತು ಕೇಳುವವರು. ಕಡೆಗಣಿಸುವವರೆಂಬ ನಾಲ್ಕನೆಯ ಬಗೆಯನ್ನು ಆಮೇಲಿನವರು ಸೇರಿಸಿದರು. ನಾನು, ಅಂಗಡಿಯವರು ಮೊದಲೆರಡಕ್ಕೆ ಸರಿಯಾಗಿ ಹೊಂದುತ್ತೇವೆ. ಆದರೆ ಹೊಟ್ಟೆಪಾಡಿಗೆ ಊರು ಬಿಟ್ಟವರನ್ನು ನಾಲ್ಕನೆಯದಕ್ಕೆ ಸೇರಿಸಲು ನನಗೆ ಮನಸ್ಸಾಗುವುದಿಲ್ಲ.

ಏಕೆಂದರೆ ನಿಜ ಹೇಳಿದವನು ಅವನೇ. ಅಜ್ಜಿ ಹೊಡೆಯಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. ಕೈಹಿಡಿದು ಮುದುಕರ ಮನೆಗೆ ಕರೆದೊಯ್ದು ಕಾಲು ಹಿಡಿಸಿದಳು. ಅವರ ಕಾಲು ವಾಸಿಯಾಗುವ ತನಕ ಬುಟ್ಟಿ ನೀನೇ ಹೊರಬೇಕು ಎಂದಳು. ಆಮೇಲೆ ಠಾಣೆಗೂ ತಾನೇ ಕರೆತಂದಳು.

ಅಂದು ರಾತ್ರಿ ಮಗನ ಮೊಣಕಾಲಿಗೆ ಮುಲಾಮು ಹಚ್ಚಲೆಂದು ಕೈ ಚಾಚಿದೆ. ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.