ಸಹಿ ಹಾಕುವ ಮುನ್ನ ಒಂದು ಶಿಕಾಗೋ ಸುತ್ತು

"ನಮ್ಮನೇಲಿ ದಿನಾ ಇ.ಡಿ. ಗಲಾಟೆ ಕಣೋ" ಅಂತ ಅಕ್ಕ ಫೋನಿನಲ್ಲಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. ಬೆಂಗಳೂರಿನಲ್ಲಿ ಕೂತವನಿಗೆ ಇ.ಡಿ. ಎಂದರೆ ಬೆಳಗಿನ ಜಾವ ಬಾಗಿಲು ಬಡಿಯುವ ಅಧಿಕಾರಿಗಳೇ ತಾನೆ? ಭಾವ ಅಂಥದ್ದೇನು ಮಾಡಿಕೊಂಡ್ರಪ್ಪಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಅರ್ಲಿ ಡಿಸಿಷನ್. ಅಕ್ಕನ ಮಗಳು ಪುಟ್ಟಿ ಹನ್ನೆರಡನೇ ಕ್ಲಾಸಿನಲ್ಲಿದ್ದಳು. ಶಿಕಾಗೋ ಯೂನಿವರ್ಸಿಟಿಗೆ ಇ.ಡಿ. ಹಾಕಲೇಬೇಕು ಎಂದು ಹಟ ಹಿಡಿದಿದ್ದಳು.

2023ರ ಅಕ್ಟೋಬರ್‌ನಲ್ಲಿ ಆಫೀಸ್ ಕೆಲಸದ ಮೇಲೆ ನಾನೂ ಶಿಕಾಗೋಗೆ ಹೋದೆ. ಶನಿವಾರ ನೇಪರ್‌ವಿಲ್‌ನ ಅಕ್ಕನ ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗಲೇ ಭಾವ ಹೇಳಿದರು, "ನೀನೂ ಬಾರೋ, ಆ ಕ್ಯಾಂಪಸ್ ಒಂದ್ಸಲ ನೋಡು. ಆಮೇಲೆ ನೀನೇ ಹೇಳು, ಸೈನ್ ಹಾಕ್ಬೇಕೋ ಬೇಡ್ವೋ ಅಂತ." ಇಂಥ ಜವಾಬ್ದಾರಿ ಹೊರಿಸುವ ಪ್ರವಾಸ ಯಾರಿಗೂ ಬೇಡ!

ಪಾರ್ಕಿಂಗ್ ರಗಳೆ ಬೇಡವೆಂದು ರೈಲಿನಲ್ಲೇ ಹೊರಟೆವು. ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು, ಡೌನ್‌ಟೌನ್ ದಾಟಿ ನಡೆದು, ಮಿಲೆನಿಯಂ ಸ್ಟೇಷನ್‌ನಿಂದ ದಕ್ಷಿಣದ ಕಡೆಗೆ ಹೋಗುವ ಮೆಟ್ರಾ ಎಲೆಕ್ಟ್ರಿಕ್ ಹತ್ತಿದೆವು. ಎಡಗಡೆ ಕಿಟಕಿಯಿಂದ ಮಿಶಿಗನ್ ಸರೋವರ ಕಾಣುತ್ತದೆ. ಸರೋವರ ಎನ್ನುವುದು ಹೆಸರಿಗಷ್ಟೇ, ಆಚೆ ದಡವೇ ಇಲ್ಲ. ನಮ್ಮ ಮಲ್ಪೆಯಲ್ಲಿ ನಿಂತ ಹಾಗೇ ಅನ್ನಿಸಿತು, ಉಪ್ಪಿನ ವಾಸನೆಯೊಂದು ಇರಲಿಲ್ಲ.

ರೈಲಿನಲ್ಲೇ ಪುಟ್ಟಿ ನನಗೆ ಪಾಠ ಮಾಡಿದಳು. "ಮಾಮ, ಇ.ಡಿ. ಒಂದೇ ಕಾಲೇಜಿಗೆ ಹಾಕ್ಬೇಕು. ನವೆಂಬರ್ 1 ಲಾಸ್ಟ್ ಡೇಟ್. ಡಿಸೆಂಬರ್ ಮಧ್ಯಕ್ಕೆ ರಿಸಲ್ಟ್. ಸಿಕ್ಕಿದ್ರೆ ಸೇರಲೇಬೇಕು, ಬೇರೆ ಎಲ್ಲ ಅರ್ಜಿ ವಾಪಸ್ ತಗೋಬೇಕು." ಒಪ್ಪಂದಕ್ಕೆ ಮೂವರ ಸಹಿ ಬೇಕು. ವಿದ್ಯಾರ್ಥಿಯದು, ಅಪ್ಪ ಅಥವಾ ಅಮ್ಮನದು, ಸ್ಕೂಲಿನ ಕೌನ್ಸೆಲರ್‌ದು. ಕಾಲೇಜು ಕೊಡುವ ಹಣದ ನೆರವು ನಿಜವಾಗಿಯೂ ಸಾಲದಿದ್ದರೆ ಮಾತ್ರ ಬಿಡುಗಡೆ ಕೇಳಬಹುದು. ಕೋರ್ಟಿಗೆ ಎಳೆಯುವ ಕರಾರು ಇದಲ್ಲ, ಆದರೆ ಮಾತು ತಪ್ಪಿದರೆ ಸ್ಕೂಲಿನ ಹೆಸರು ಕೆಡುತ್ತದೆ, ಮುಂದಿನ ವರ್ಷದ ಮಕ್ಕಳಿಗೂ ಅದರ ಬಿಸಿ ತಟ್ಟಬಹುದು ಎಂಬ ಭಯ ಎಲ್ಲರಿಗೂ ಇದೆ.

ನನಗೆ ತಕ್ಷಣ ನಮ್ಮ ಸಿಇಟಿ ನೆನಪಾಯಿತು. ಚಾಯ್ಸ್-1 ಒತ್ತಿದರೆ ಸೀಟು ಒಪ್ಪಿದೆ, ಕತೆ ಮುಗಿಯಿತು. ಚಾಯ್ಸ್-2 ಒತ್ತಿದರೆ ಸೀಟು ಕೈಯಲ್ಲಿ, ಕಣ್ಣು ಮುಂದಿನ ರೌಂಡಿನ ಮೇಲೆ. ನಾನು ಹೆದರಿ ಮೊದಲ ರೌಂಡಿನಲ್ಲೇ ಚಾಯ್ಸ್-1 ಒತ್ತಿದವನು. ನನಗಿಂತ ಹಿಂದಿನ ರ‍್ಯಾಂಕ್‌ನವರಿಗೆ ಎರಡನೇ ರೌಂಡಿನಲ್ಲಿ ನನಗೆ ಬೇಕಿದ್ದ ಬ್ರಾಂಚೇ ಸಿಕ್ಕಿತು. ಇದನ್ನು ಹೇಳಿದ್ದಕ್ಕೆ ಪುಟ್ಟಿ, "ಆದ್ರೆ ಮಾಮ, ಇಲ್ಲಿ ಸೀಟು ಸಿಗೋಕ್ ಮುಂಚೇನೇ ಚಾಯ್ಸ್-1 ಒತ್ಬೇಕು" ಅಂದಳು. ಹುಡುಗಿ ಸರಿಯಾಗೇ ಹಿಡಿದಿದ್ದಳು.

57ನೇ ಬೀದಿಯಲ್ಲಿ ಪಶ್ಚಿಮಕ್ಕೆ ನಡೆದರೆ ಇಟ್ಟಿಗೆ ಮನೆಗಳು, ಪುಸ್ತಕದಂಗಡಿ, ಕೆಫೆ ದಾಟಿ ಇದ್ದಕ್ಕಿದ್ದಂತೆ ಬೂದುಬಣ್ಣದ ಕಲ್ಲಿನ ಗೋಥಿಕ್ ಕಟ್ಟಡಗಳು ಶುರುವಾಗುತ್ತವೆ. 1890ರಲ್ಲಿ ರಾಕ್‌ಫೆಲರ್ ಹಣದಿಂದ ಶುರುವಾದ ಸಂಸ್ಥೆ. ನೋಡಿದರೆ ಐನೂರು ವರ್ಷ ಹಳೆಯದು ಅನ್ನಿಸಬೇಕು ಅಂತಲೇ ಕಟ್ಟಿದ್ದಾರೆ, ಅನ್ನಿಸುತ್ತದೆ ಕೂಡ. ಕಾಬ್ ಗೇಟ್ ಎಂಬ ಕಲ್ಲಿನ ದ್ವಾರದ ಮೇಲೆ ವಿಕಾರ ಮುಖದ ಕಲ್ಲಿನ ಪ್ರಾಣಿಗಳು ಹತ್ತುತ್ತಿರುವ ಹಾಗೆ ಕೂತಿವೆ. ಕೆಳಗಿನವು ಅಡ್ಮಿಷನ್ ಆಫೀಸರ್‌ಗಳಂತೆ, ಅವರನ್ನು ದಾಟಿ ಮೇಲೆ ಹತ್ತುವವರು ಮೊದಲ ವರ್ಷ, ಎರಡನೇ ವರ್ಷ, ತುತ್ತತುದಿಯಲ್ಲಿ ನಾಲ್ಕನೇ ವರ್ಷದವರು. ಇದು ವಿದ್ಯಾರ್ಥಿಗಳೇ ಹೇಳುವ ಕತೆ. ಭಾವ ತಲೆಯೆತ್ತಿ ನೋಡಿ, "ಫೀಸ್ ಕಟ್ಟೋ ಅಪ್ಪ ಎಲ್ಲಿದಾನೆ ಇದ್ರಲ್ಲಿ?" ಅಂದರು.

ಎದುರಿಗೆ ರೆಗನ್‌ಸ್ಟೈನ್ ಲೈಬ್ರರಿ. ಅದು ನಿಂತಿರುವ ಜಾಗದಲ್ಲಿ ಮೊದಲು ಸ್ಟ್ಯಾಗ್ ಫೀಲ್ಡ್ ಮೈದಾನವಿತ್ತು. 1942ರ ಡಿಸೆಂಬರ್ 2ರಂದು ಆ ಮೈದಾನದ ಗ್ಯಾಲರಿ ಕೆಳಗೆ ಎನ್ರಿಕೊ ಫರ್ಮಿ ತಂಡ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ಮೊದಲ ಬಾರಿಗೆ ನಡೆಸಿತು. ಪಕ್ಕದ ರಸ್ತೆಯಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವಿದೆ. ಒಂದು ಕಡೆಯಿಂದ ತಲೆಬುರುಡೆ, ಇನ್ನೊಂದು ಕಡೆಯಿಂದ ಅಣಬೆ ಮೋಡ. ಅದರ ಬುಡದಲ್ಲಿ ಇಬ್ಬರು ಹುಡುಗರು ಸ್ಯಾಂಡ್‌ವಿಚ್ ತಿನ್ನುತ್ತಾ ಏನನ್ನೋ ಜೋರಾಗಿ ವಾದಿಸುತ್ತಿದ್ದರು. ಇಲ್ಲಿನ ವಿದ್ಯಾರ್ಥಿಗಳು ಟೀ-ಶರ್ಟ್ ಮೇಲೆ "ಮಜಾ ಸಾಯೋಕೆ ಬರೋ ಜಾಗ" ಎಂದು ಇಂಗ್ಲಿಷಿನಲ್ಲಿ ಹಾಕಿಕೊಂಡು ತಿರುಗುತ್ತಾರೆ. ಅರ್ಜಿಯ ಪ್ರಬಂಧಕ್ಕೆ ಒಂದು ವರ್ಷ "ಎಕ್ಸ್ ಕಂಡುಹಿಡಿಯಿರಿ" ಅಂತಷ್ಟೇ ಕೊಟ್ಟಿದ್ದರಂತೆ. ಪುಟ್ಟಿಗೆ ಈ ಜಾಗ ಯಾಕೆ ಹಿಡಿಸಿತು ಎಂದು ಅರ್ಥವಾಯಿತು. ಅವಳೂ ಊಟದ ಮೇಜಿನಲ್ಲಿ ಸುಮ್ಮನಿರುವ ಪೈಕಿ ಅಲ್ಲ.

ನನಗೆ ನೋಡಬೇಕಿದ್ದದ್ದು ಫಾಸ್ಟರ್ ಹಾಲ್. 59ನೇ ಬೀದಿಯ ಮೂಲೆಯಲ್ಲಿದೆ, ದಕ್ಷಿಣ ಏಷ್ಯಾ ಭಾಷೆಗಳ ವಿಭಾಗ ಅಲ್ಲಿ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಈ ಯೂನಿವರ್ಸಿಟಿಯಲ್ಲಿ ಕಲಿಸಿದರು. ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ಅವರ ಇಂಗ್ಲಿಷ್‌ನಲ್ಲಿ ಜಗತ್ತಿಗೆ ಹೋದದ್ದು 1973ರಲ್ಲಿ. ಬಾಗಿಲ ತನಕ ಹೋಗಿ ಹೊರಗಿನಿಂದಲೇ ನೋಡಿ ಬಂದೆ. "ಇವರು ನಮ್ಮೋರು" ಅಂದೆ. ಪುಟ್ಟಿ ಫೋನಿನಲ್ಲಿ ಹುಡುಕಿ, "ನಂಗ್ಯಾಕೆ ಯಾರೂ ಹೇಳಿಲ್ಲ?" ಅಂತ ಅವಳಮ್ಮನ ಕಡೆ ನೋಡಿದಳು. ನಾನು ಆ ಕ್ಷಣದಲ್ಲಿ ಪೂರ್ತಿ ಪುಟ್ಟಿ ಪಕ್ಷ.

ಆದರೆ ಮಿಡ್‌ವೇ ಹುಲ್ಲುಹಾಸಿನ ಬೆಂಚಿನ ಮೇಲೆ ಅಕ್ಕ ಕಟ್ಟಿ ತಂದಿದ್ದ ಚಪಾತಿ ರೋಲ್ ತಿನ್ನುವಾಗ ಭಾವ ಲೆಕ್ಕ ತೆಗೆದರು. ವರ್ಷಕ್ಕೆ ಸುಮಾರು 90 ಸಾವಿರ ಡಾಲರ್. ನಾಲ್ಕು ವರ್ಷಕ್ಕೆ ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 3 ಕೋಟಿ ರೂಪಾಯಿ. ಕಾಲೇಜುಗಳ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ, ಆದಾಯ ಹಾಕಿದರೆ ಅಂದಾಜು ನೆರವು ತೋರಿಸುತ್ತದೆ. ಅಕ್ಕ-ಭಾವ ಇಬ್ಬರೂ ದುಡಿಯುವವರು, ಹಾಗಾಗಿ ಅದು ತೋರಿಸಿದ್ದು ಬಹಳ ಕಡಿಮೆ. ಅದೇ ಇಲಿನಾಯ್ ರಾಜ್ಯದ ಅರ್ಬಾನಾ-ಶಾಂಪೇನ್ ಯೂನಿವರ್ಸಿಟಿಯಾದರೆ ರಾಜ್ಯದ ಮಕ್ಕಳಿಗೆ ಅರ್ಧಕ್ಕಿಂತ ಕಡಿಮೆ ಖರ್ಚು.

"ದುಡ್ಡು ಹೊಂದಿಸ್ಬಹುದು ಕಣೋ" ಅಂದರು ಭಾವ, ಪುಟ್ಟಿ ನೀರು ತರಲು ಹೋದಾಗ. "ನಂದು ಇನ್ನೂ ಎಚ್-1ಬಿ. ಆ ವರ್ಷ ಎಷ್ಟು ಜನರನ್ನ ಮನೆಗೆ ಕಳ್ಸಿದ್ರು ನೋಡ್ದಲ್ಲ. ಕೆಲ್ಸ ಹೋದ್ರೆ 60 ದಿನ. ಅಷ್ಟರಲ್ಲಿ ಬೇರೆ ಕೆಲ್ಸ ಸಿಗ್ದಿದ್ರೆ ನಾವು ಹೊರಡ್ಬೇಕು. ಅವಳು ಇಲ್ಲೇ ಹುಟ್ಟಿದೋಳು, ಅವಳು ಉಳೀಬಹುದು. ಫೀಸ್ ಯಾರು ಕಟ್ತಾರೆ?" ಇದನ್ನು ಮಗಳಿಗೆ ಹೇಳಿದ್ದೀರಾ ಎಂದೆ. ತಲೆ ಅಲ್ಲಾಡಿಸಿದರು. ಹೇಳಿರಲಿಲ್ಲ.

ಇ.ಡಿ.ಯ ಮೇಲಿರುವ ಹಳೆಯ ದೂರೂ ಇದೇ. ನಾಲ್ಕು ಕಾಲೇಜಿನ ಆಫರ್ ಪಕ್ಕಪಕ್ಕ ಇಟ್ಟು ನೋಡಬೇಕಾದವರಿಗೆ ಇದು ಹೊಂದುವುದಿಲ್ಲ, ಬೆಲೆ ಕೇಳದೆ ಕೊಳ್ಳುವವರಿಗೆ ಅನುಕೂಲ. ಕಾಲೇಜಿಗೂ ಲಾಭ, ಕರೆದವರು ಖಂಡಿತ ಬರುತ್ತಾರೆ. ಮೊದಲೇ ಅರ್ಜಿ ಹಾಕುವ ಪದ್ಧತಿ ಉಳ್ಳವರಿಗೇ ಒಲಿಯುತ್ತದೆ ಎಂದು ಹಾರ್ವರ್ಡ್, ಪ್ರಿನ್ಸ್‌ಟನ್ 2006ರಲ್ಲಿ ತಮ್ಮಲ್ಲಿ ಅದನ್ನು ನಿಲ್ಲಿಸಿ, 2011ರಲ್ಲಿ ಮತ್ತೆ ತಂದವು. ಈಗ ಅವರದು ಕಟ್ಟುಪಾಡಿಲ್ಲದ ರೀತಿ.

ವಾಪಸ್ ರೈಲಿನಲ್ಲಿ ಭಾವನೇ ಮಗಳ ಪಕ್ಕ ಹೋಗಿ ಕೂತರು. ಏನು ಮಾತಾಡಿದರೋ ಕೇಳಿಸಲಿಲ್ಲ. ಪುಟ್ಟಿ ಮಾತ್ರ ಕಿಟಕಿ ಕಡೆ ತಿರುಗಿದವಳು ಡೌನ್‌ಟೌನ್ ಬರುವವರೆಗೂ ಈಚೆ ತಿರುಗಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು.

ಅಕ್ಟೋಬರ್ 31ರ ರಾತ್ರಿ ಮೆಸೇಜ್ ಬಂತು. "ಮಾಮ, ಅರ್ಲಿ ಆ್ಯಕ್ಷನ್ ಹಾಕ್ದೆ. ಎರಡೂ ಕಡೆ." ಶಿಕಾಗೋದಲ್ಲಿ ಅದಕ್ಕೂ ಅವಕಾಶವಿತ್ತು. ಬೇಗ ಅರ್ಜಿ, ಬೇಗ ಉತ್ತರ, ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ನಮ್ಮ ಚಾಯ್ಸ್-2ರ ದೂರದ ಸಂಬಂಧಿ ಅನ್ನಿ.

ಡಿಸೆಂಬರ್‌ನಲ್ಲಿ ಶಿಕಾಗೋ ಅವಳನ್ನು ಡಿಫರ್ ಮಾಡಿತು, ಅಂದರೆ ಹೂಂ ಅಲ್ಲ, ಊಹೂಂ ಅಲ್ಲ. ಜನವರಿ ಮೊದಲಲ್ಲಿ ಇ.ಡಿ.-2ಕ್ಕೆ ಬದಲಾಯಿಸಲು ಇನ್ನೊಂದು ಅವಕಾಶವಿತ್ತು. ಈ ಸಲ ಭಾವ, "ನೀನು ಹೂಂ ಅಂದ್ರೆ ಸೈನ್ ಹಾಕ್ತೀನಿ" ಅಂದರಂತೆ. ಪುಟ್ಟಿ ಎರಡು ದಿನ ರೂಮಿನಿಂದ ಹೊರಗೆ ಬರದೆ, ಮೂರನೇ ದಿನ ಬೇಡ ಅಂದಳಂತೆ. ಮಾರ್ಚ್‌ನಲ್ಲಿ ಶಿಕಾಗೋ ಇಲ್ಲ ಅಂತು.

ಈಗ ಅರ್ಬಾನಾದಲ್ಲಿ ಓದುತ್ತಿದ್ದಾಳೆ. ಮೊದಲ ಸೆಮಿಸ್ಟರ್ ಮುನಿಸಿನಲ್ಲೇ ಕಳೆಯಿತು, ಈಗ ಫೋನ್ ಮಾಡಿದರೆ ಇಡುವುದೇ ಇಲ್ಲ. ಅಕ್ಕ ಮಾತ್ರ ಆಗಾಗ ಕೇಳುತ್ತಾಳೆ, "ಅವತ್ತೇ ಸೈನ್ ಹಾಕಿದ್ರೆ ಸಿಗ್ತಿತ್ತೇನೋ, ಅಲ್ವಾ?" ಭಾವ ಕಾಫಿ ಬೇಕಾ ಅಂತ ಕೇಳಿ ಅಡುಗೆಮನೆಗೆ ಹೋಗುತ್ತಾರೆ.